ಹೌದಾದರೆ ಒಂದು ಒತ್ತಿ

೯ ಜನವರಿ ೨೦೦೫, ಭಾನುವಾರ

ಇವತ್ತು ಮೊದಲ ಸಲ ಸರ್ಕಾರಕ್ಕೆ ಫೋನ್ ಮಾಡಿ, ನಾನು ಕೆಲಸ ಮಾಡಿಲ್ಲ ಎಂದು ಹೇಳಿದೆ. ಕೇಳಿಸಿಕೊಂಡದ್ದು ಮನುಷ್ಯರಲ್ಲ, ಯಂತ್ರ. ಹೆಣ್ಣುದನಿ, ಬಹಳ ಮರ್ಯಾದಸ್ಥೆ. ಈ ಎರಡು ವಾರದಲ್ಲಿ ಕೆಲಸ ಮಾಡಿದಿರಾ? ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು. ಎರಡು ಒತ್ತುವಾಗ ಬೆರಳು ಹಿಂಜರಿಯಿತು. ಗದಗಿನಿಂದ ಈ ದೇಶಕ್ಕೆ ಬಂದಾಗಿನಿಂದ ಇಲ್ಲೇ ಹತ್ತಿರದ ವಾನ್‌ನ ಒಂದೇ ಕಾರ್ಖಾನೆಯಲ್ಲಿ ಕಿಟಕಿ ಪರದೆಗಳಿಗೆ ದಾರ ಪೋಣಿಸುತ್ತ ಬಂದವಳು ನಾನು. ಕ್ರಿಸ್‌ಮಸ್‌ಗೆ ಮುಂಚೆ ಆರ್ಡರ್ ಇಲ್ಲವೆಂದು ನಮ್ಮ ಲೈನಿನವರನ್ನೆಲ್ಲ ಮನೆಗೆ ಕಳಿಸಿದರು. ಚಳಿ ಕಳೆಯಲಿ, ಕರೆಯುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಈ ಇ.ಐ., ನಿರುದ್ಯೋಗ ವಿಮೆಯ ದುಡ್ಡು.

ನಾನೇ ಕಟ್ಟಿದ ವಿಮೆ, ಭಿಕ್ಷೆಯಲ್ಲ ಎಂದು ಕ್ಯಾಲ್ಗರಿಯಿಂದ ಮಗಳು ಶಿವಾನಿ ಫೋನಿನಲ್ಲಿ ಹೇಳುತ್ತಾಳೆ. "ಅಮ್ಮಾ, ಇಟ್ಸ್ ಯುವರ್ ಮನಿ." ಬುದ್ಧಿಗೆ ತಿಳಿಯುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ನಮ್ಮವರು ಇದ್ದಿದ್ದರೆ ಯಂತ್ರದ ಜೊತೆ ಮಾತಾಡುವುದು ಅವರ ಪಾಲಿಗೆ ಬರುತ್ತಿತ್ತು. ಅವರು ಹೋಗಿ ಆರು ವರ್ಷ. ಈಗ ನ್ಯೂಮಾರ್ಕೆಟ್‌ನ ಈ ಬೇಸ್‌ಮೆಂಟಿನಲ್ಲಿ ಯಂತ್ರಕ್ಕೂ ನಾನೇ, ಮನುಷ್ಯರಿಗೂ ನಾನೇ.

ಕಾರ್ಖಾನೆಯ ಸದ್ದು ಬೇಕೆನಿಸುತ್ತದೆ. ಪರದೆ ಕತ್ತರಿಸುವ ಮಶೀನಿನ ಆ ದರಿದ್ರ ಸದ್ದು. ಇದ್ದಾಗ ಬೈದುಕೊಂಡೇ ಇದ್ದೆ.

೧೫ ಜನವರಿ, ಶನಿವಾರ

ಪಕ್ಕದೂರು ಅರೋರಾದಲ್ಲಿ ಉಮಾಶಂಕರ ಅವರ ಮನೆಯಲ್ಲಿ ಸಂಕ್ರಾಂತಿ. ಗುರುತಿನವರ ಕಾರಿನಲ್ಲಿ ಹೋದೆ. ಉಮಾಶಂಕರ ಬೆಳಗಾವಿಯವರು, ಸಾಫ್ಟ್‌ವೇರು. ಹೆಂಡತಿ ರಾಜಲಕ್ಷ್ಮಿ ಮೈಸೂರಿನವರು, ಬ್ಯಾಂಕಿನಲ್ಲಿದ್ದಾರೆ. ಎಳ್ಳುಬೆಲ್ಲ ಚೆನ್ನಾಗಿತ್ತು, ಕೊಬ್ಬರಿ ಸಣ್ಣಗೆ ಹೆಚ್ಚಿದ್ದರು.

ಹೊರಡುವಾಗ ಹೆಂಗಸರೆಲ್ಲ ಸಾಲಾಗಿ ಕೂತರು. ರಾಜಲಕ್ಷ್ಮಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು, ಒಬ್ಬೊಬ್ಬರಿಗೂ ಎಲೆ ಅಡಿಕೆ, ಬ್ಲೌಸ್‌ಪೀಸು. ನನ್ನ ಹತ್ತಿರ ಬಂದಾಗ ತಟ್ಟೆ ತಾನಾಗಿ ಆಚೆ ಸರಿಯಿತು. ನನಗೆ ಒಂದು ಜಿಪ್‌ಲಾಕ್ ಚೀಲದಲ್ಲಿ ಎಳ್ಳುಬೆಲ್ಲ ಕೊಟ್ಟು, "ತಗೊಳ್ಳಿ ಜಯಶೀಲಾ ಅವ್ರೇ, ಜಾಸ್ತೀನೇ ಹಾಕಿದೀನಿ" ಎಂದರು. ಜಾಸ್ತಿಯೇ ಇತ್ತು. ನನಗೇನೂ ಅನಿಸಲಿಲ್ಲ. ಗಂಡ ಸತ್ತವಳ ಮುಂದೆ ಕುಂಕುಮದ ತಟ್ಟೆ ಹಿಡಿಯಬಾರದು ಎನ್ನುವುದು ಅವರು ಮಾಡಿದ ಕಾನೂನಲ್ಲ. ಊರಲ್ಲಿ ನಮ್ಮವ್ವ ಇದ್ದಾಗ, ತವರಿನಿಂದ ಹೊರಡುವ ಹೊತ್ತಿಗೆ ಸೆರಗೊಡ್ಡಲು ಹೇಳಿ ಉಡಿ ತುಂಬುತ್ತಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಮೇಲೊಂದು ಗುಳೇದಗುಡ್ಡದ ಖಣ. ಆ ಭಾರ ಹೊಟ್ಟೆಗೆ ಒತ್ತಿಕೊಂಡು ಬಸ್ಸಿನಲ್ಲಿ ಕೂರುವುದು. ಏನೂ ಅನಿಸಲಿಲ್ಲ ಎಂದು ಬರೆದ ಮೇಲೆ ಇಷ್ಟು ಉದ್ದ ಯಾಕೆ ಬರೆದೆನೋ.

ಮೂಲೆಯ ಸೋಫಾದಲ್ಲಿ ಉಮಾಶಂಕರರ ತಾಯಿ ಈರವ್ವ ಕೂತಿದ್ದರು. ಹಣೆಯ ತುಂಬ ವಿಭೂತಿ, ಬಲಗೈಗೆ ಪ್ಲಾಸ್ಟರು. ಮಗನ ಮನೆ ನೋಡಲು ಬಂದವರು ಡ್ರೈವ್‌ವೇ ಮೇಲಿನ ಐಸಿನಲ್ಲಿ ಜಾರಿ ಬಿದ್ದಿದ್ದಾರೆ.

"ಯಾವೂರಾಕಿವಾ ನೀ?" ಎಂದರು.

"ಗದಗಿನಾಕಿರೀ."

"ಅಲಾ ಇವ್ನ! ಕುಂದ್ರು ಇಲ್ಲೆ. ಬಂದಾಗಿಂದ ನನ್ನಂಗ ಮಾತಾಡಾವ್ರು ಒಬ್ರೂ ಸಿಕ್ಕಿಲ್ಲ. ನನ್ನ ಮಗಾನೂ ಇಂಗ್ಲೀಷಿನ್ಯಾಗ ಸೀನತಾನ."

ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದವರು ಕೊನೆಯವರೆಗೂ ಬಿಡಲಿಲ್ಲ. ಹೊರಡುವಾಗ ಉಮಾಶಂಕರ ಕೇಳಿದರು: ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಅವ್ವನ ಜೊತೆ ವಾರಕ್ಕೆ ಎರಡು ದಿನ ಇರಲಾದೀತೇ? ತಾಸಿಗಿಷ್ಟು ಎಂದು ಕೊಡುತ್ತೇವೆ. ಆಗಲಿ ಎಂದೆ. ಕೆಲಸ ಅಂದರೆ ಕೆಲಸ, ನೆಂಟಸ್ತನ ಬೇಡ, ನಾನು ಇದನ್ನು ಇ.ಐ.ಗೆ ಹೇಳುತ್ತೇನೆ ಎಂದೂ ಹೇಳಿದೆ. ಅವರು ನಕ್ಕು ತಲೆಯಾಡಿಸಿದರು. ಕಿವಿಗೆ ಬಿತ್ತೋ ಇಲ್ಲವೋ.

೨೩ ಜನವರಿ, ಭಾನುವಾರ

ಒಂದು ಒತ್ತಿದೆ! ಹೌದು, ಕೆಲಸ ಮಾಡಿದ್ದೇನೆ. ಎಷ್ಟು ತಾಸು, ಎಷ್ಟು ಡಾಲರು, ಎಲ್ಲ ಒತ್ತಿದೆ. ಬಸ್ಸಿನ ಖರ್ಚು ಕಳೆದು ಹೇಳಬಾರದು, ದುಡ್ಡು ಕೈಗೆ ಬಂದ ವಾರಕ್ಕೂ ಅಲ್ಲ, ದುಡಿದ ವಾರಕ್ಕೇ ದುಡಿದಷ್ಟನ್ನೂ ಹೇಳಬೇಕು. ಒಂದು ಮಿತಿಯವರೆಗೆ ಅವರು ಮುಟ್ಟುವುದಿಲ್ಲ. ಮಿತಿ ದಾಟಿದರೆ ದಾಟಿದಷ್ಟನ್ನು ಭತ್ಯೆಯಲ್ಲಿ ಕತ್ತರಿಸುತ್ತಾರೆ. ಅದಕ್ಕೇ ಯಾರೂ ಹೇಳುವುದಿಲ್ಲ ಎಂದು ಲೈನಿನ ಗೆಳತಿಯರು ಹೇಳಿದ್ದರು. ಕತ್ತರಿಸಲಿ. ನನಗೆ ನಿದ್ದೆ ಬೇಕು.

ಇವತ್ತಿನ ದಿನ ಚೆನ್ನಾಗಿತ್ತು. ಹೊರಗೆ ವಿಪರೀತ ಚಳಿ, ಒಳಗೆ ನಾನು ದುಡಿದ ಹೆಂಗಸು.

೧೦ ಫೆಬ್ರವರಿ, ಗುರುವಾರ

ಈರವ್ವ ಸಾಮಾನ್ಯದ ಹೆಂಗಸಲ್ಲ. ಬೆಳಗಾವಿಯಲ್ಲಿ ಸ್ವಂತ ಖಾನಾವಳಿ ಇದೆ. ಗಂಡ ಸತ್ತ ವರ್ಷವೇ ಮುಂಬಾಗಿಲಿನ ಕೋಣೆಯಲ್ಲಿ ಶುರು ಮಾಡಿದ್ದಂತೆ. ಈಗ ರೊಟ್ಟಿ ಬಡಿಯಲಿಕ್ಕೇ ನಾಲ್ಕು ಹೆಂಗಸರು. ದಿನಾ ಬೆಳಿಗ್ಗೆ ಫೋನ್ ಮಾಡಿಸಿ ಅವರನ್ನು ಬೈಯುತ್ತಾರೆ. ಬೈದ ಮೇಲೂ ಫೋನ್ ಕಿವಿಯಿಂದ ತೆಗೆಯುವುದಿಲ್ಲ. ಅಲ್ಲಿನ ಹೊಗೆ, ಗದ್ದಲ ಬೇಕಾಗಿದೆ ಅವರಿಗೆ. ಅದು ನನಗೆ ಅರ್ಥವಾಗುತ್ತದೆ.

ಪ್ಲಾಸ್ಟರು ತೆಗೆದಿದ್ದಾರೆ. ಆದರೂ ಕೈ ಮೇಲೆತ್ತಲಾಗದು. ತಲೆ ನಾನೇ ಬಾಚುತ್ತೇನೆ. ಇವತ್ತು ಕೊಬ್ಬರಿ ಎಣ್ಣೆ ಕಾಯಿಸಿ ಹಚ್ಚಿದೆ. ಹಚ್ಚಿಸಿಕೊಂಡವರು ತಿರುಗಿ, "ಈಗ ನೀ ಕುಂದ್ರು" ಎಂದರು. ಬೇಡ ಎಂದೆ, ನಾನು ಕೆಲಸದ ಮೇಲಿದ್ದೇನೆ ಎಂದೆ.

"ಕೆಲಸದ ಮ್ಯಾಲ ಇದ್ರ ನಾ ಹೇಳಿದ್ದು ಕೇಳು. ನಾಕು ಮಂದಿಗೆ ಪಗಾರ ಕೊಡಾಕಿ ನಾ. ಕುಂದ್ರು ಅಂದ್ರ ಕುಂದ್ರು."

ಕೂತೆ. ಎಡಗೈ ಒಂದರಲ್ಲೇ ಹಚ್ಚಿದರು. ಎಣ್ಣೆ ಕಿವಿಯ ಹಿಂದೆ ಇಳಿಯಿತು. ನನ್ನ ತಲೆಗೆ ಬೇರೆಯವರ ಕೈ ಬಿದ್ದು ಎಷ್ಟು ಕಾಲವಾಗಿತ್ತೋ. ಅಳು ಬಂತು, ಎಣ್ಣೆ ಕಣ್ಣಿಗೆ ಹೋಯಿತು ಎಂದು ಹೇಳಿದೆ. "ಹೂಂ, ಭಾಳ ಉರೀತೈತಿ ಅದು" ಎಂದರು.

ಆ ತಾಸನ್ನು ಸಂಬಳದಲ್ಲಿ ಹಿಡಿಯಲಿಲ್ಲ. ಎಣ್ಣೆ ಹಚ್ಚಿಸಿಕೊಂಡದ್ದಕ್ಕೆ ಯಾರು ಸಂಬಳ ಕೊಡುತ್ತಾರೆ?

೧೫ ಫೆಬ್ರವರಿ, ಮಂಗಳವಾರ

ಇವತ್ತು ನನ್ನ ಪಾಳಿಯಲ್ಲ. ಆದರೂ ಯಂಗ್ ಸ್ಟ್ರೀಟಿನ ಬಸ್ ಹಿಡಿದು ಹೋದೆ. ಜೋಳದ ಹಿಟ್ಟು ಸಿಕ್ಕಿತ್ತು, ಕೊಟ್ಟು ಬರೋಣವೆಂದು. ಕೊಟ್ಟು ಬರುವಷ್ಟರಲ್ಲಿ ಸಂಜೆಯಾಯಿತು. ನಾನು ಬಡಿದ ರೊಟ್ಟಿ ಒಡೆದವು. ಇಲ್ಲಿನ ಹಿಟ್ಟಿಗೆ ಜಿಗಿಯೇ ಇಲ್ಲ. ಈರವ್ವ ಒಡೆದ ತುಂಡುಗಳನ್ನೇ ಮೊಸರಿಗೆ ಅದ್ದಿ ತಿಂದು, "ನನ್ನ ಖಾನಾವಳ್ಯಾಗ ಇದ್ದಿದ್ರ ನಿನ್ನ ಓಡಿಸಿಬಿಡ್ತಿದ್ನಿ" ಎಂದರು.

ಇ.ಐ. ಪಡೆಯುವವರು ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿರಬೇಕು, ಈ ವಾರ ಮರೆತೇಹೋಯಿತು. ನಾಳೆ ಒಂದೆರಡು ಕಡೆ ಹಾಕಬೇಕು.

೨೦ ಫೆಬ್ರವರಿ, ಭಾನುವಾರ

ರಾಜಲಕ್ಷ್ಮಿಯವರು ಯಾರದೋ ಮದುವೆಗೆ ಮಿಸ್ಸಿಸಾಗಾಕ್ಕೆ ಹೋಗಬೇಕಿತ್ತು. ಇಡೀ ದಿನ ಈರವ್ವನ ಜೊತೆ ಇದ್ದೆ. ರಾತ್ರಿ ಮನೆಗೆ ಬಂದು, ವರದಿಯ ದಿನವೆಂದು ನೆನಪಾಗಿ, ಕೋಟು ಬಿಚ್ಚುವ ಮೊದಲೇ ಫೋನ್ ಮಾಡಿ ಇವತ್ತಿನ ತಾಸುಗಳನ್ನೂ ಸೇರಿಸಿ ಹೇಳಿದೆ. ನಮ್ಮ ವಾರ ಸೋಮವಾರ ಶುರು, ಶಿವನ ದಿನದಿಂದ. ಭಾನುವಾರ ಮುಗಿಯಿತೆಂದರೆ ವಾರ ಮುಗಿಯಿತು.

ಇವತ್ತು ಯಂತ್ರ ಕೇಳಿದ್ದರಲ್ಲಿ ಒಂದು ಮಾತು ತಲೆ ಕೊರೆಯುತ್ತಿದೆ. ಸಂಬಳವಿಲ್ಲದೆ ಮಾಡಿದ ಕೆಲಸವನ್ನೂ ಹೇಳಬೇಕಂತೆ. ಹಾಗಾದರೆ ಮಂಗಳವಾರದ ರೊಟ್ಟಿ?

೨೨ ಫೆಬ್ರವರಿ, ಮಂಗಳವಾರ

ಯಂತ್ರವನ್ನು ದಾಟಿ ಮನುಷ್ಯರ ತನಕ ಹೋದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹೆಂಗಸು ಸಿಕ್ಕಳು. ನನ್ನ ಮುರುಕು ಇಂಗ್ಲೀಷಿನಲ್ಲಿ ಕೇಳಿದೆ: ಸಂಬಳವಿಲ್ಲದ ದಿನ ಹೋಗಿ ಮುದುಕಿಯೊಬ್ಬಳಿಗೆ ರೊಟ್ಟಿ ಮಾಡಿಕೊಟ್ಟರೆ, ತಲೆ ಬಾಚಿದರೆ, ಅದು ಕೆಲಸವೇ?

ಅವಳು ಕೇಳಿದಳು, ಆಕೆ ನಿಮ್ಮ ಸಂಬಂಧಿಯೇ?

ಅಲ್ಲ ಎಂದೆ.

ಹಾಗಾದರೆ ಆ ದಿನ ನೀವು ಕೆಲಸಕ್ಕೆ ಹೋಗಿದ್ದಿರೋ, ನೋಡಲು ಹೋಗಿದ್ದಿರೋ?

ನೋಡಲು ಎಂದೆ. ಅಷ್ಟು ಹೇಳಲು ಯಾಕೆ ಅಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನೋಡಲು ಹೋಗುವುದನ್ನು ನಾವು ಕೇಳುವುದಿಲ್ಲ ಎಂದಳು, ನಕ್ಕಳು ಸಹ. ಆಮೇಲೆ ಕಂಪ್ಯೂಟರ್ ನೋಡಿ ಭಾನುವಾರದ್ದನ್ನು ಹಿಡಿದಳು. ಸರ್ಕಾರದ ವಾರ ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತದೆ. ಮುಗಿದ ವಾರಕ್ಕೆ ನಾನು ಬರುವ ವಾರದ ಸಂಬಳ ಸೇರಿಸಿಬಿಟ್ಟಿದ್ದೇನೆ. ತಪ್ಪು ದೊಡ್ಡದಲ್ಲ, ಸರಿಮಾಡುತ್ತೇವೆ, ಖಾತ್ರಿಗೆ ಕೆಲಸ ಕೊಟ್ಟವರ ಹೆಸರು, ನಂಬರು ಬೇಕು ಎಂದಳು.

ಕೊಟ್ಟೆ. ಮುಚ್ಚಿಡಲು ಏನಿದೆ?

೧ ಮಾರ್ಚ್, ಮಂಗಳವಾರ

ಇತ್ತು, ಮುಚ್ಚಿಡಲು. ನನ್ನದಲ್ಲ, ಅವರದು.

ನಿನ್ನೆ ಇ.ಐ. ಆಫೀಸಿನವರು ಉಮಾಶಂಕರರಿಗೆ ಫೋನ್ ಮಾಡಿದ್ದಾರೆ. ಮನೆಗೆಲಸಕ್ಕೆ ಜನರನ್ನಿಟ್ಟುಕೊಂಡರೆ ಸಂಬಳದಲ್ಲಿ ತೆರಿಗೆ, ವಿಮೆ ಹಿಡಿಯುವುದು, ಸರ್ಕಾರಕ್ಕೆ ಕಟ್ಟುವುದು, ಸಂಬಳದ ಚೀಟಿ ಕೊಡುವುದು ಇರುತ್ತದಲ್ಲ, ಅವರು ಯಾವುದನ್ನೂ ಮಾಡಿರಲಿಲ್ಲ. ಕವರಿನಲ್ಲಿ ಕ್ಯಾಶ್ ಅಷ್ಟೇ. ಇವತ್ತು ಬರಹೇಳಿದ್ದರು. ಹೋದಾಗ ಇಬ್ಬರೂ ಕೆಲಸಕ್ಕೆ ರಜೆ ಹಾಕಿ ಅಡುಗೆಮನೆಯಲ್ಲಿ ಕೂತಿದ್ದರು.

"ಹೇಳಿದ್ದೆನಲ್ಲರೀ, ಇ.ಐ.ಗೆ ಹೇಳ್ತೀನಿ ಅಂತ" ಎಂದೆ.

ರಾಜಲಕ್ಷ್ಮಿ ನನ್ನ ಮುಖ ನೋಡಲಿಲ್ಲ. "ಕ್ಯಾಶ್ ತಾನೆ, ನಿಜವಾಗ್ಲೂ ಹೇಳ್ತೀರಾ ಅಂದ್ಕೊಂಡಿರ್ಲಿಲ್ಲ ನಾವು. ಉಂಡ ಮನೆ ಜಂತಿ ಎಣಿಸೋದು ಅಂದ್ರೆ ಇದೇ ಅಲ್ವಾ?"

ಉಮಾಶಂಕರ ಒಳ್ಳೆಯ ಮನುಷ್ಯ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. "ಅಕ್ಕಾ, ನಾವು ನಿಮ್ಮನ್ನ ಮನಿ ಮಂದಿ ಹಂಗ ನೋಡಿದ್ವಿ. ನೀವು ನಮ್ಮನ್ನ ಎಂಪ್ಲಾಯರ್ ಮಾಡಿಬಿಟ್ರಿ" ಎಂದರು.

"ಮನಿಯಾಕಿ ಆಗಿದ್ರ ತಾಸು ಲೆಕ್ಕ ಹಾಕಿ ಯಾಕ ಕೊಡ್ತಿದ್ರಿ ತಮ್ಮಾ?"

ಬಾಯಿಗೆ ಬಂದುಬಿಟ್ಟಿತು. ಅವರ ಮುಖ ಇಷ್ಟಾಯಿತು. ಸ್ವಲ್ಪ ದಿನ ಬರುವುದು ಬೇಡ, ಅಕೌಂಟೆಂಟ್ ಹತ್ತಿರ ಮಾತಾಡಿ ಹೇಳುತ್ತೇವೆ ಎಂದರು. ಈರವ್ವ ಒಳಗಿನಿಂದ "ಯಾರು? ಜಯಾ ಬಂದ್ಲೇನು?" ಎಂದು ಕೂಗಿದ್ದು ಕೇಳಿಸಿತು. ಯಾರೂ ಓಗೊಡಲಿಲ್ಲ. ನಾನೂ ಕೊಡಲಿಲ್ಲ. ಷೂ ಹಾಕಿಕೊಳ್ಳುತ್ತಿದ್ದೆ.

೮ ಮಾರ್ಚ್, ಮಂಗಳವಾರ

ಶಿವರಾತ್ರಿ. ಉಪವಾಸ. ಲಿಂಗಪೂಜೆಗೆ ಹೂ ಇಲ್ಲ, ಅಕ್ಕಿಕಾಳು ಏರಿಸಿದೆ.

ನಾನು ಹೇಳಿದ್ದರಲ್ಲಿ ತಪ್ಪಿಲ್ಲ. ತಪ್ಪಿಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ಕೈ ಮಾತ್ರ ಎಣ್ಣೆ ಬಾಟಲಿಯ ಕಡೆಗೆ ಹೋಗುತ್ತದೆ. ಆ ಮುದುಕಿಯ ತಲೆ ಯಾರು ಬಾಚುತ್ತಿದ್ದಾರೋ.

೧೩ ಮಾರ್ಚ್, ಭಾನುವಾರ

ಹಿಮ. ಯಾರ ಫೋನೂ ಇಲ್ಲ.

೨೦ ಮಾರ್ಚ್, ಭಾನುವಾರ

ಈ ಎರಡು ವಾರದಲ್ಲಿ ಕೆಲಸ ಮಾಡಿದಿರಾ? ಎರಡು.

ಈಗ ಭತ್ಯೆ ಕತ್ತರಿಯಿಲ್ಲದೆ ಪೂರ್ತಿ ಬರುತ್ತದೆ. ಬರಲಿ.

೨೪ ಮಾರ್ಚ್, ಗುರುವಾರ

ಮಧ್ಯಾಹ್ನ ಫೋನ್ ರಿಂಗಾಯಿತು. ಎತ್ತಿದರೆ ಯಾರೂ ಮಾತಾಡುತ್ತಿಲ್ಲ, ಉಸಿರು ಮಾತ್ರ. ಆಮೇಲೆ ಕಿವಿ ತೂತಾಗುವಂಥ ದನಿ: "ಹಲೋ! ಯಾರಿದು? ನಾ ಈರವ್ವ!"

ಫೋನ್ ಮಾಡಲು ಬಾರದ ಹೆಂಗಸು. ನನ್ನ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದ್ದರಂತೆ, ಅದನ್ನು ನೋಡಿ ಒಂದೊಂದೇ ಒತ್ತಿದ್ದಾರೆ. ನನಗಿಂತ ಮೊದಲು ಯಾರ್ಯಾರಿಗೆ ಹೋಗಿತ್ತೋ, "ಮೂರು ಮಂದಿ ಇಂಗ್ಲೀಷಿನ್ಯಾಗ ಬೈದ್ರವಾ, ನಾನೂ ಕನ್ನಡದಾಗ ಬೈದಿನಿ" ಎಂದರು.

"ಯವ್ವಾ, ಹೆಂಗದೀರಿ?" ಎಂದು ಕೇಳಿದೆ. ಯವ್ವಾ ಎಂದದ್ದು ಆಮೇಲೆ ತಿಳಿಯಿತು. ಅಲ್ಲಿಯವರೆಗೆ ಅಮ್ಮನವರೇ ಎನ್ನುತ್ತಿದ್ದೆ.

"ಹೆಂಗ ಇರ್ಲಿ, ತಲಿ ಬಾಚಿಲ್ಲ. ಪಗಾರ ಕೊಡಾಕ ಬರಲ್ದವ ಆಳು ಇಡಬಾರದು ಅಂತ ಮಗಗ ಹೇಳೀನಿ. ನಾಕು ಮಂದೀದು ನಾನು ಎಲ್ಲಾ ಬರೆದು ಕೊಡ್ತೀನಿ, ಈ ಸಾಹೇಬಗ ಒಬ್ಬಾಕೀದು ಬರಿಯಾಕ ಆಗಲಿಲ್ಲ. ನೀ ಯಾವಾಗ ಬರ್ತಿ?"

ಸಂಜೆ ಉಮಾಶಂಕರರೇ ಕಾರಿನಲ್ಲಿ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ನಿಂತು, ಎಲ್ಲ ಸರಿಮಾಡಿಸಿದ್ದೇನೆ ಅಕ್ಕಾ, ಇನ್ನು ಚೆಕ್ಕು, ಚೀಟಿ ಎರಡೂ ಕೊಡುತ್ತೇನೆ ಎಂದರು. ಈರವ್ವ ಏಪ್ರಿಲ್ ಹದಿನಾರಕ್ಕೆ ಊರಿಗೆ ಹೊರಡುತ್ತಾರೆ ಎಂದೂ ಹೇಳಿದರು. ಮೊದಲ ಮಾತಿಗೆ ಸಂತೋಷವಾಯಿತು.

೬ ಏಪ್ರಿಲ್, ಬುಧವಾರ

ಕಾರ್ಖಾನೆಯಿಂದ ಕರೆ ಬಂತು. ಇಡೀ ಚಳಿಗಾಲ ಕಾದ ಕರೆ. ಮುಂದಿನ ಸೋಮವಾರದಿಂದ ಬಾ ಎಂದರು. ನಾನು, ಒಂದು ವಾರ ತಡವಾಗಿ, ಹದಿನೆಂಟಕ್ಕೆ ಬರಬಹುದೇ ಎಂದು ಕೇಳಿದೆ. ಅವರಿಗೂ ಆಶ್ಚರ್ಯ, ನನಗೂ ಆಶ್ಚರ್ಯ. ಆಗಲಿ, ಎರಡನೇ ಲೈನು ಹದಿನೆಂಟಕ್ಕೇ ಶುರುವಾಗುವುದು, ಅದರಲ್ಲಿ ಸೇರಿಕೋ ಎಂದರು. ಅದನ್ನು ಕೂಡಲೇ ಇ.ಐ.ನವರಿಗೂ ತಿಳಿಸಿದೆ. ಕೆಲಸವಿದ್ದೂ ಹೋಗದ ಆ ವಾರದ ಭತ್ಯೆ ಸಿಗದಿರಬಹುದು ಎಂದರು. ಸಿಗದಿದ್ದರೆ ಬೇಡ.

ಮಶೀನಿನ ಸದ್ದು ನೆನಪು ಮಾಡಿಕೊಳ್ಳಲು ನೋಡಿದೆ. ಸರಿಯಾಗಿ ಬರಲಿಲ್ಲ.

೧೬ ಏಪ್ರಿಲ್, ಶನಿವಾರ

ಈರವ್ವ ಹೋದರು.

ಬೆಳಿಗ್ಗೆಯೇ ಹೋಗಿ ತಲೆಗೆ ಎಣ್ಣೆ ಹಚ್ಚಿ ಬಾಚಿ ತುರುಬು ಕಟ್ಟಿದೆ. ವಿಮಾನದಲ್ಲಿ ಬಿಚ್ಚಬಾರದೆಂದು ಬಿಗಿಯಾಗಿ ಕಟ್ಟಿದೆ. ಸೂಟ್‌ಕೇಸು ಎಲ್ಲ ಕಾರಿಗೆ ಹೋದವು. ನಾನು ಬಸ್ಸಿಗೆ ಹೊರಡಲು ಚಳಿಯ ದಪ್ಪ ಕೋಟು, ಪಾರ್ಕಾ, ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ.

"ರಾಜಲಕ್ಷ್ಮೀ, ಅಕ್ಕಿ ತಗೊಂಬಾ" ಎಂದರು ಈರವ್ವ.

ರಾಜಲಕ್ಷ್ಮಿಗೆ ತಿಳಿಯಿತು. ನನಗೂ ತಿಳಿಯಿತು. "ಅತ್ತೆ, ಅದು…" ಎಂದು ನಿಲ್ಲಿಸಿದರು.

"ಅದು ಏನು? ನಾ ಮುತ್ತೈದಿ ಅಲ್ಲ, ಆಕೀನೂ ಅಲ್ಲ. ತವರಮನಿ ಉಡಿಗೆ ಗಂಡ ಯಾಕ ಬೇಕು? ಹೋಗಾಕಿ ನಾನು, ಉಡಿ ಇರಾಕಿಗೆ. ಈ ದೇಶದಾಗ ಎಲ್ಲಾ ಉಲ್ಟಾನ ಐತಿ, ಇದೂ ಇರ್ಲಿ. ಒಡ್ಡವಾ ಉಡಿ."

ಒಡ್ಡಲು ಸೆರಗು ಎಲ್ಲಿದೆ? ಪ್ಯಾಂಟು, ಸ್ವೆಟರು, ಮೇಲೆ ಪಾರ್ಕಾ. ಪಾರ್ಕಾದ ಎರಡು ಅಂಚುಗಳನ್ನು ಹಿಡಿದು ಒಡ್ಡಿದೆ. ರಾಜಲಕ್ಷ್ಮಿ ಒಳಗೆ ಹೋದರು. ಬರುವುದಿಲ್ಲ ಎಂದುಕೊಂಡೆ. ಬಂದರು. ಹರಿವಾಣದ ತುಂಬ ಅಕ್ಕಿ, ಅದರ ಮೇಲೆ ಅರಿಶಿನ ಬೇರನ್ನು ಅವರೇ ಇಟ್ಟುಕೊಂಡು ತಂದಿದ್ದರು. ಹರಿವಾಣ ನನ್ನ ಮುಂದೆ ಹಿಡಿದು ನಿಂತರು, ಈ ಸಲ ಸರಿಸಲಿಲ್ಲ.

ಈರವ್ವ ಮುರಿದು ಕೂಡಿದ ಆ ಬಲಗೈಯಲ್ಲೇ ಐದು ಸಲ ಹಿಡಿ ತುಂಬಿ ಹಾಕಿದರು. ಕೊಬ್ಬರಿ ಬಟ್ಟಲು ಹಾಕಿದರು. ತಮ್ಮ ಚೀಲದಿಂದ ಹಸಿರು ಖಣ ತೆಗೆದು ಮೇಲಿಟ್ಟರು, ಬೆಳಗಾವಿಯಿಂದ ಯಾರಿಗೋ ಎಂದು ತಂದಿದ್ದು. ಮಗನ ಕೈಯಲ್ಲಿದ್ದ ಈ ವಾರಗಳ ಸಂಬಳದ ಚೆಕ್ಕನ್ನು ಕಸಿದುಕೊಂಡು ಅದನ್ನೂ ಅಕ್ಕಿಯೊಳಗೆ ತುರುಕಿದರು.

"ಇದು ನಿನ್ನ ಪಗಾರ, ನಿನ್ನ ಸರ್ಕಾರಕ್ಕ ಹೇಳು. ಅದು ನಂದು" ಎಂದು ಅಕ್ಕಿ ತೋರಿಸಿದರು. ಆಮೇಲೆ, "ಮಗಳ, ತಲಿಗೆ ಎಣ್ಣಿ ಹಚ್ಚಿಕೋ" ಎಂದರು.

ಬಸ್ಸಿನಲ್ಲಿ ಪಾರ್ಕಾ ಹೊಟ್ಟೆಗೆ ಒತ್ತಿ ಹಿಡಿದು ಕೂತೆ. ಹೊಟ್ಟೆನೋವೇ ಎಂದು ಪಕ್ಕದ ಬಿಳಿ ಅಜ್ಜಿ ಕೇಳಿದಳು. ಇಲ್ಲ, ತವರಿನಿಂದ ಬರುತ್ತಿದ್ದೇನೆ ಎಂದೆ. ಅರ್ಥವಾಗಲಿಲ್ಲ ಪಾಪ, ಆದರೂ ಒಳ್ಳೆಯದು ಎಂದಳು.

೧೭ ಏಪ್ರಿಲ್, ಭಾನುವಾರ

ಈರವ್ವ ಈ ಹೊತ್ತಿಗೆ ಮುಂಬಯಿ ಮುಟ್ಟಿರಬೇಕು. ಬೆಳಗಾವಿಗೆ ಇನ್ನೂ ದೂರವಿದೆ. ನನಗೆ ನಾಳೆ ಬೆಳಗಿನ ಶಿಫ್ಟು.

ಕೊನೆಯ ವರದಿ ಕೊಟ್ಟೆ. ಕೆಲಸ ಮಾಡಿದಿರಾ? ಒಂದು. ಎಷ್ಟು ತಾಸು, ಎಷ್ಟು ಸಂಬಳ? ಚೆಕ್ಕಿಗೆ ಅಂಟಿದ್ದ ಅರಿಶಿನ ಒರೆಸಿ, ಅದರ ಚೀಟಿ ನೋಡಿ, ಸೆಂಟುಗಳ ಸಮೇತ ಒತ್ತಿದೆ. ಭಾನುವಾರದಿಂದ ಶನಿವಾರ, ಅವರ ವಾರದ ಪ್ರಕಾರವೇ. ಬೇರೆ ಯಾವುದಾದರೂ ಹಣ ಬಂದಿದೆಯೇ? ಎರಡು.

ಅಷ್ಟೇ ಕೇಳಿ ಧನ್ಯವಾದ ಹೇಳಿ ಇಟ್ಟುಬಿಟ್ಟಿತು. ಅಕ್ಕಿಯ ಮಾತು ಅದು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಲೆಯ ಮೇಲೆ ಆ ಅಕ್ಕಿಯೇ ಅನ್ನವಾಗಿ ಕುದಿಯುತ್ತಿದೆ. ಒಂದು ಹಿಡಿ ತೆಗೆದು ಖಣದಲ್ಲಿ ಕಟ್ಟಿಟ್ಟಿದ್ದೇನೆ. ಉಳಿದದ್ದನ್ನು ಇವತ್ತು ಉಣ್ಣುತ್ತೇನೆ.